ತಿರುಗಿದ ಹೆಜ್ಜೆ

"ಒಂದು ಜೊತೆ ಪಾದ ಮುಂದಕ್ಕೆ, ಅದರ ಎದುರಿಗೇ ಇನ್ನೊಂದು ಜೊತೆ ತಿರುಗಿದ ಪಾದ. ಹೋಗಿರೋದು ಮಾತ್ರ ಎರಡೂ ಒಂದೇ ಕಡೆಗೆ. ನಾನೇ ಕಣ್ಣಾರೆ ನೋಡಿ ಬಂದೆ ಹುಚ್ಚಮ್ಮಕ್ಕ" ಎಂದ ಮೇಸ್ತ್ರಿ ಯೋಗೇಶ.

ಬಾಳೂರು ಕಡೆಯ ಒಂದು ಎಸ್ಟೇಟು. ಕೂಲಿಯವರ ಲೈನ್ ಮನೆಯ ಮುಂದೆ ಹುಚ್ಚಮ್ಮ ಸೌದೆ ಕಟ್ಟುತ್ತಿದ್ದಳು. ಶನಿವಾರ ಮಧ್ಯಾಹ್ನ ಇನ್ನೂ ಮೂರು ಗಂಟೆ. ಆದರೂ ಮಂಜು ಇಳಿದು, ಸಿಲ್ವರ್ ಮರಗಳು ಸೊಂಟದಿಂದ ಮೇಲೆ ಕಾಣುತ್ತಿರಲಿಲ್ಲ.

"ಎಲ್ಲಿ ಮಾರಾಯ?"

"ಹಳೇ ಪಲ್ಪರ್ ಶೆಡ್ಡಲ್ಲಿ. ನೆಲದ ತುಂಬ ಕಾಫಿ ಹೊಟ್ಟಿನ ಧೂಳಲ್ವಾ, ಅಚ್ಚು ಒತ್ತಿದ ಹಾಗೆ ಮೂಡಿದೆ. ಅದೂ ಸುತ್ತ ಸುತ್ತ, ಗಾಣದ ಎತ್ತಿನ ಹಾಗೆ. ಮನುಷ್ಯರು ಯಾರಾದ್ರೂ ಹಾಗೆ ನಡೀತಾರಾ?" ಯೋಗೇಶ ದನಿ ತಗ್ಗಿಸಿದ. "ಹೇಳಬಾರದು. ಆದ್ರೂ ಹೇಳ್ತೀನಿ. ಆ ತಿರುಗಿದ ಎಡಪಾದಕ್ಕೆ ಕಿರುಬೆರಳಿಲ್ಲ."

ಹುಚ್ಚಮ್ಮನ ಕೈಯಿಂದ ಹಗ್ಗ ಜಾರಿತು. ಅವಳ ಮೊಮ್ಮಗಳು ಭವ್ಯಾಗೆ ಎಡಗಾಲಿನ ಕಿರುಬೆರಳಿಲ್ಲ. ಮೂರು ವರ್ಷದವಳಿದ್ದಾಗ ಕತ್ತಿ ಬಿದ್ದು ಹೋಗಿತ್ತು.

ಭವ್ಯಾಗೆ ಈಗ ಹದಿನಾರು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು ಈ ಅಜ್ಜಿಯೇ. ಆಷಾಢದ ಮಳೆಯಲ್ಲಿ ಅವಳ ಗೆಳತಿ ಸುಪ್ರಿಯಾ ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಕೊಚ್ಚಿಹೋಗಿ ಸತ್ತಳು. ಹಳ್ಳ ದಾಟಲು ಅಡಿಕೆ ಮರ ಅಡ್ಡ ಹಾಕಿದ ಸಂಕ ಅದು. ಜೊತೆಗಿದ್ದವಳು ಭವ್ಯಾ ಒಬ್ಬಳೇ. ಅವತ್ತಿನಿಂದ ಶಾಲೆಯಿಲ್ಲ, ಮಾತಿಲ್ಲ. ಯಾರಾದರೂ ಕೈ ಮುಟ್ಟಿದರೆ ಬೆಂಕಿ ತಾಗಿದವಳಂತೆ ಎಳೆದುಕೊಳ್ಳುತ್ತಾಳೆ. ಗೋಡೆಗೆ ಒರಗಿ ಕೂತು, ದನಿಯಿಲ್ಲದೆ ತುಟಿ ಆಡಿಸುತ್ತ ಏನೋ ಎಣಿಸುತ್ತಾಳೆ.

"ಹಳ್ಳದ ಹೆಣ್ಣು ದೆವ್ವ ಇವಳನ್ನ ಹಿಡ್ಕೊಂಡಿದೆ ಅಕ್ಕ" ಎಂದ ಯೋಗೇಶ. "ಕಾಲು ಪೂರ್ತಿ ತಿರುಗೋದ್ರೊಳಗೆ ಏನಾದ್ರೂ ಮಾಡು. ನಾಳೆ ಭಾನುವಾರ, ಮಂತ್ರವಾದಿ ಮನೇಲೇ ಇರ್ತಾನೆ. ಒಂದು ಕರಿ ಕೋಳಿ ತಗೊಂಡು ಹೋಗು. ಮೆಣಸಿನ ಹೊಗೆ ಹಾಕಿ ನಾಲ್ಕು ಬೆತ್ತ ಬಿಟ್ಟರೆ ಬಾಯಿ ತಾನೇ ಬರುತ್ತೆ."

ಹುಚ್ಚಮ್ಮ ಒಳಗೆ ಇಣುಕಿದಳು. ಗೋಡೆಯ ಹತ್ತಿರ ಭವ್ಯಾ ಇರಲಿಲ್ಲ. ಚಾಪೆ ಮಾತ್ರ ಇತ್ತು.

ಶೆಡ್ಡಿನತ್ತ ಓಡಿದ ಹುಚ್ಚಮ್ಮನ ಎದುರು ಮಂಜಿನೊಳಗಿಂದ ಒಂದು ಕೊಡೆ ಮೂಡಿತು. ಆಮೇಲೆ ಅದರ ಕೆಳಗೆ ಆಶಾ ಕಾರ್ಯಕರ್ತೆ ಯಶೋದಾ.

"ಎಲ್ಲಿಗೆ ಅಜ್ಜಿ, ಹೀಗೆ ಓಡ್ತಾ?"

"ನನ್ನ ಮೊಮ್ಮಗಳ ಪಾದ ತಿರುಗಿದೆಯಂತೆ ಕಣೇ!"

"ದೆವ್ವದ ಪಾದ ಹಿಂದುಮುಂದು ಅಂತ ನೋಡಿ ಬಂದವರು ಯಾರಜ್ಜಿ?"

"ನಗಬೇಡ ನೀನು. ನಿನ್ನ ಮಗು ಆಗಿದ್ದಿದ್ರೆ ನಗ್ತಿದ್ಯಾ?"

ಯಶೋದಾಳ ಮುಖ ಸಣ್ಣದಾಯಿತು. "ಇಲ್ಲ ಅಜ್ಜಿ. ತಪ್ಪಾಯ್ತು. ನಾನೂ ಬರ್ತೀನಿ ನಡೀರಿ."

ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ಸಿಪ್ಪೆ ಸುಲಿಯುವ ಕೆಲಸ ಬರುವವರೆಗೆ ಆ ಶೆಡ್ಡಿಗೆ ಯಾರೂ ಹೋಗುವುದಿಲ್ಲ. ಇವತ್ತು ಒಳಗಿಂದ ಸಣ್ಣಗೆ ಸಂಗೀತ ಬರುತ್ತಿತ್ತು. ಹಾಡುವವರಿಲ್ಲ, ಬರೀ ವಾದ್ಯ. ಹುಚ್ಚಮ್ಮ ಒಡೆದ ಕಿಟಕಿಗೆ ಕಣ್ಣಿಟ್ಟಳು.

ಮಂಜು ಶೆಡ್ಡಿನೊಳಗೂ ಹರಡಿತ್ತು. ನಡುವೆ ಭವ್ಯಾ ಒಬ್ಬಳೇ. ಎಡಗೈ ಇಲ್ಲದವರ ಹೆಗಲ ಮೇಲೆ, ಬಲಗೈ ಇಲ್ಲದವರ ಅಂಗೈಯಲ್ಲಿ. ಕಣ್ಣು ಮುಚ್ಚಿದೆ, ತುಟಿ ಆಡುತ್ತಿದೆ. ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದಾಳೆ, ಯಾರೋ ಎದುರು ನಿಂತು ಮೆಲ್ಲಗೆ ತಳ್ಳಿದ ಹಾಗೆ. ಅವಳ ಬೆನ್ನ ಹಿಂದೆ ಕಾಫಿ ತೊಳೆಯುವ ತೊಟ್ಟಿ ಬಾಯಿ ತೆರೆದಿತ್ತು. ಇನ್ನೆರಡೇ ಹೆಜ್ಜೆ.

"ಎಡಕ್ಕೆ" ಎಂದಿತು ಕತ್ತಲೆ ಮೂಲೆಯಿಂದ ಒಂದು ದನಿ.

ಕಣ್ಣು ತೆರೆಯದೆ ಭವ್ಯಾ ಎಡಕ್ಕೆ ತಿರುಗಿದಳು. ತೊಟ್ಟಿ ಪಕ್ಕಕ್ಕೆ ಸರಿಯಿತು.

"ಭವ್ಯಾ! ಯಾರ ಜೊತೆ ಕುಣೀತಿದ್ದೀಯೇ? ಮೇಸ್ತ್ರಿ ಕಂಡ ತಿರುಗಿದ ಪಾದ ನಿಂದೇನಾ?" ಹುಚ್ಚಮ್ಮ ಬಾಗಿಲು ದೂಡಿಕೊಂಡು ನುಗ್ಗಿದಳು.

ಸಂಗೀತ ನಿಂತಿತು. ಮೂಲೆಯಿಂದ ಎದ್ದು ಬಂದವನು ಬೆಳ್ಳಿಯಪ್ಪ. ಮೂವತ್ತು ವರ್ಷ ಪ್ಲಾಂಟರ್‌ಗಳ ಕ್ಲಬ್ಬಿನಲ್ಲಿ ಬೇರರ್ ಆಗಿದ್ದು ನಿವೃತ್ತನಾದವನು. ಅವನ ಹಿಂದೆ ಇಬ್ಬರು ಮಕ್ಕಳು. ಗಾಂಜಾ ಸೇದಿ ಸಿಕ್ಕಿಬಿದ್ದ ತನ್ಮಯ್, ಹಾಸ್ಟೆಲಿನಿಂದ ಎರಡು ಸಲ ಓಡಿ ಬಂದ ಅರ್ಪಿತಾ. 'ಇವರು ಉದ್ಧಾರವಾಗೋಲ್ಲ' ಎಂದು ಊರು ಕೈಬಿಟ್ಟವರು.

"ಹೆದರಬೇಡ ಹುಚ್ಚಮ್ಮ. ಇದಕ್ಕೆ ಬಾಲ್ ರೂಮ್ ಡ್ಯಾನ್ಸ್ ಅಂತಾರೆ."

"ಬಾಲಾನಾ? ಯಾರ ಬಾಲ?"

"ನಂದೇ ಅಂದ್ಕೋ! ಕ್ಲಬ್ಬಲ್ಲಿ ದೊರೆಗಳು ಕುಣಿಯೋದನ್ನ ಟ್ರೇ ಹಿಡ್ಕೊಂಡು ನೋಡಿ ನೋಡಿ ಕಲಿತದ್ದು. ಇಬ್ಬರು ಕೈ ಹಿಡ್ಕೋಬೇಕು. ಒಬ್ಬರು ಮುಂದಕ್ಕೆ ಹೆಜ್ಜೆ ಹಾಕಿದ್ರೆ ಇನ್ನೊಬ್ಬರು ಹಿಂದಕ್ಕೆ. ಹಿಂದೆ ಹೋಗೋರಿಗೆ ದಾರಿ ಕಾಣಲ್ಲ. ಮುಂದಿರೋರು ನೋಡ್ಕೋತಾರೆ. ನಿಮ್ಮ ಮೇಸ್ತ್ರಿ ಕಂಡಿದ್ದು ಈ ಮಕ್ಕಳ ಕಾಲು ಮಾರಾಯ್ತಿ!"

"ಮತ್ತೆ ಇವಳ ಎದುರಿಗೆ ಯಾರೂ ಇಲ್ವಲ್ಲ?"

ಬೆಳ್ಳಿಯಪ್ಪನ ನಗು ಇಳಿಯಿತು. "ಇವಳು ಯಾರಿಗೂ ಕೈ ಕೊಡಲ್ಲ. ಸರಿ, ಗಾಳೀನೇ ಹಿಡ್ಕೋ ಅಂದೆ. ಇವರಿಬ್ಬರು ಕುಣಿದ ಸುತ್ತಲ್ಲೇ ಇವಳೂ ಹಿಂದೆ ಹಿಂದೆ ಹೆಜ್ಜೆ ಹಾಕ್ತಾಳೆ. ಎರಡು ತಿಂಗಳಾಯ್ತು. ನೀನು ತೋಟದ ಕೆಲಸಕ್ಕೆ ಹೋದಾಗ ಬರ್ತಾಳೆ, ಒಂದು ದಿನಾನೂ ತಪ್ಪಿಸಿಲ್ಲ. ತೊಟ್ಟಿ ಹತ್ತಿರ ಬಂದ್ರೆ ನಾನು ಹೇಳ್ತೀನಿ. ಇವತ್ತು ಕಣ್ಣು ತೆರೀದೇನೇ ನನ್ನ ಮಾತು ಕೇಳಿ ತಿರುಗಿದ್ಲು ನೋಡು."

"ಗೊತ್ತಿದ್ದೂ ಸುಮ್ಮನಿದ್ಯೇನೇ ನೀನು?" ಯಶೋದಾ ತಲೆ ತಗ್ಗಿಸಿದ್ದು ಕಂಡು ಹುಚ್ಚಮ್ಮ ಅವಳತ್ತ ತಿರುಗಿದಳು.

"ಹೌದಜ್ಜಿ, ನಾನೇ ಕಳಿಸಿದ್ದು. ಹುಡುಗ ಹುಡುಗಿ ಕೈ ಹಿಡಿದು ಕುಣೀತಾರೆ ಅಂದ್ರೆ ನೀವು ಬಿಡಲ್ಲ ಅಂತ ಹೇಳಲಿಲ್ಲ. ತಪ್ಪು ನಂದೇ. ಮೊದಲು ನಿಮ್ಮನ್ನ ಕೇಳಬೇಕಿತ್ತು. ಆಸ್ಪತ್ರೆಗೂ ಕರ್ಕೊಂಡು ಹೋಗಬೇಕಿತ್ತು. ಕುಣಿತ ಒಂದೇ ಸಾಲದು."

"ನಾಳೆ ಕರಿ ಕೋಳಿ ತಗೊಂಡು ಮಂತ್ರವಾದಿ ಹತ್ತಿರ ಹೋಗು ಅಂತ ಮೇಸ್ತ್ರಿ..." ಎಂದು ಹುಚ್ಚಮ್ಮ ಶುರುಮಾಡಿದಳು.

"ನಾ ಕೈ ಬಿಟ್ಟೆ."

ಎಲ್ಲರೂ ತಿರುಗಿ ನೋಡಿದರು. ಮಾತಾಡಿದವಳು ಭವ್ಯಾ. ಮೂರು ತಿಂಗಳ ಮೇಲೆ ಆಡಿದ ಮಾತು, ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತ್ತು.

"ಸುಪ್ರಿಯಾ ಮುಂದೆ, ನಾ ಹಿಂದೆ. ಕೈ ಹಿಡ್ಕೊಂಡು ಒಂದು, ಎರಡು, ಮೂರು ಅಂತ ಹೆಜ್ಜೆ ಎಣಿಸ್ತಾ ದಾಟ್ತಿದ್ವಿ ಅಜ್ಜಿ. ಅವಳು ಜಾರಿದಳು. ನನ್ನನ್ನೂ ಎಳೀತು. ನಾ ಕೈ ಬಿಟ್ಟೆ."

ಹುಚ್ಚಮ್ಮ ಅಪ್ಪಿಕೊಳ್ಳಲು ಎರಡು ಹೆಜ್ಜೆ ಇಟ್ಟವಳು, ಅವಳು ಕೈ ಹಿಂದಕ್ಕೆಳೆದುಕೊಂಡದ್ದು ನೋಡಿ ನಿಂತಳು.

"ಬಿಡದಿದ್ರೆ ನೀನೂ ಇರ್ತಿರ್ಲಿಲ್ವಲ್ಲೇ ಮಗಾ. ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಒಬ್ಬಳೇ ಕೂತಿದ್ಯಾ?"

ಭವ್ಯಾ ತಲೆಯಾಡಿಸಿ ಅಳತೊಡಗಿದಳು. ಅವಳು ಅತ್ತಿದ್ದೂ ಆಷಾಢದ ಮೇಲೆ ಅದೇ ಮೊದಲು.

"ಇವಳನ್ನ ಹಿಡಿದಿರೋದು ಇದೇ, ಅಜ್ಜಿ" ಎಂದಳು ಯಶೋದಾ ಮೆಲ್ಲಗೆ. "ಮನಸ್ಸಿಗೆ ಬಿದ್ದ ಪೆಟ್ಟು. ಕಾಲು ಮುರಿದ್ರೆ ಬೆತ್ತದಲ್ಲಿ ಹೊಡೀತೀವಾ? ಸೋಮವಾರ ಮೂಡಿಗೆರೆ ಆಸ್ಪತ್ರೆಗೆ ಹೋಗೋಣ. ಈ ವಯಸ್ಸಿನ ಮಕ್ಕಳಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತೆ. ಕೂತು ಮಾತಾಡ್ತಾರೆ. ಬೇಕಾದ್ರೆ ದೊಡ್ಡ ಡಾಕ್ಟರ ಹತ್ತಿರ ಕಳಿಸ್ತಾರೆ."

ಹುಚ್ಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನೂ ಬರಬೇಕು. ನಂಗೆ ಅಲ್ಲಿ ಎಂತ ಹೇಳಬೇಕು ಗೊತ್ತಾಗಲ್ಲ."

"ಬರ್ತೀನಿ. ಬೆಳಗಿನ ಜೀಪಿಗೇ."

"ಮತ್ತೆ ಆ ಕರಿ ಕೋಳಿ?"

"ಸಾರು ಮಾಡು" ಎಂದ ಬೆಳ್ಳಿಯಪ್ಪ. "ಮೇಸ್ತ್ರೀನೂ ಕರಿ. ಅವನ ಪಾದ ಯಾವ ಕಡೆಗಿದೆ ಅಂತ ನಾವೂ ನೋಡೋಣ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇದ್ದಕ್ಕಿದ್ದಂತೆ ಮಾತು ಬಿಟ್ಟ ಮಗುವಿದೆಯೇ? ಊಟ ಬಿಟ್ಟ, ನಿದ್ದೆ ಬಿಟ್ಟ, ಶಾಲೆ ಬಿಟ್ಟ, ಅಮಲಿಗೆ ಬಿದ್ದ ಮಗುವಿದೆಯೇ? ಹೊಗೆ ಹಾಕಬೇಡಿ, ಹೊಡೆಯಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಅದು ಮಾತಾಡಿದ ದಿನ ನಡುವೆ ಬಾಯಿ ಹಾಕದೆ ಕೇಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗಲಾಗದಿದ್ದರೆ ೧೪೪೧೬ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಲ್ಲೂ ಒಬ್ಬ ಬೆಳ್ಳಿಯಪ್ಪ ಇರಬಹುದು, ಕುಣಿತವೋ ಕೋಲಾಟವೋ ತಮಟೆಯೋ ಬಲ್ಲವನು. ಅವನಿಗೊಂದು ಜಾಗ ಕೊಡಿ, ಮಕ್ಕಳನ್ನು ಕಳಿಸಿ. ಕದ್ದು ಅಲ್ಲ, ಎಲ್ಲರಿಗೂ ಹೇಳಿ.

ಆ ಸಂಜೆ ಅಜ್ಜಿ ಮೊಮ್ಮಗಳು ಮನೆಗೆ ಹೊರಟರು. ಆಷಾಢದಿಂದ ಇಬ್ಬರೂ ಸಂಕ ತಪ್ಪಿಸಿ ರಸ್ತೆ ಸುತ್ತಿ ಓಡಾಡುತ್ತಿದ್ದರು. ಈಗ ಅಲ್ಲಿ ಪಂಚಾಯ್ತಿಯವರು ಕೈಗಂಬಿ ಹಾಕಿ ಹೊಸ ಸಂಕ ಮಾಡಿದ್ದಾರೆ. ದಾರಿ ಕವಲೊಡೆಯುವಲ್ಲಿ ಭವ್ಯಾ ನಿಂತಳು. ಮಂಜಿನಡಿಯಲ್ಲಿ ಹಳ್ಳ ಕಾಣದೆ ಮೊರೆಯುತ್ತಿತ್ತು. ಹುಚ್ಚಮ್ಮ ಕೈ ಚಾಚಿದಳು.

ತಣ್ಣಗಿನ ಬೆರಳುಗಳು ಬಂದು ಅವಳ ಅಂಗೈಯಲ್ಲಿ ಕೂತವು. ಒಂದು, ಎರಡು, ಮೂರು. ಆಚೆ ದಡ ಸಿಕ್ಕಿತು.

ತಡೆಯಲಾರದೆ ಹುಚ್ಚಮ್ಮ ಹಿಂದೆ ತಿರುಗಿ ಕೆಸರು ನೋಡಿದಳು. ಎರಡೇ ಜೊತೆ ಹೆಜ್ಜೆಗಳಿದ್ದವು. ಒಂಬತ್ತು ಬೆರಳಿನವೂ ಹತ್ತು ಬೆರಳಿನವೂ, ಎಲ್ಲ ಮನೆಯ ಕಡೆಗೇ ಮುಖ ಮಾಡಿದ್ದವು.