ಹಾಸಿಗೆ ಕಂಪನಿಯ ಓಟಗಾರ್ತಿ

ತೊಮೊಯೆ ನಿವಾ ನಮ್ಮ ಕಂಪನಿಗೆ ಸೇರಿದಾಗ ಅವಳಿಗೆ ಹದಿನೆಂಟು ವರ್ಷ, ನನಗೆ ಇಪ್ಪತ್ತು. ತೊಯಾಮಾ ಕೊಲ್ಲಿಯ ದಂಡೆಯ ನಮ್ಮ ಊರಿನಲ್ಲಿ ಒಗುರೊ ಕಂಪನಿ ಹಾಸಿಗೆ ದಿಂಬುಗಳನ್ನು ತಯಾರಿಸುತ್ತಿತ್ತು, ಜೊತೆಗೆ ಹೆಂಗಸರದೊಂದು ಓಟದ ತಂಡವನ್ನೂ ಸಾಕಿಕೊಂಡಿತ್ತು. ನಿದ್ದೆ ಮಾರುವವರಿಗೆ ಓಡುವವರು ಯಾಕೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅಧ್ಯಕ್ಷ ಒಗುರೊ ಅವರು ಕೇಳುವ ಮೊದಲೇ ವಿವರಿಸಿಬಿಡುತ್ತಿದ್ದರು. ಚೆನ್ನಾಗಿ ಮಲಗಿದವಳು ಚೆನ್ನಾಗಿ ಓಡುತ್ತಾಳೆ, ಅವಳು ಓಡಿದ್ದನ್ನು ನೋಡಿದವರು ನಮ್ಮ ಹಾಸಿಗೆ ಕೊಂಡು ಚೆನ್ನಾಗಿ ಮಲಗುತ್ತಾರೆ ಎಂದು ಪ್ರತಿ ಸೋಮವಾರದ ಬೆಳಗಿನ ಸಭೆಯಲ್ಲಿ ಅರ್ಧ ಗಂಟೆ ಹೇಳುತ್ತಿದ್ದರು. ಹಿಂದಿನ ಸಾಲಿನವರು ನಿಂತಲ್ಲೇ ತೂಕಡಿಸುತ್ತಿದ್ದರು.

ತೊಮೊಯೆ ಮೀನುಗಾರರ ಮನೆಯ ಹುಡುಗಿ. ಮಾತು ಕಡಿಮೆ. ಬೆಳಿಗ್ಗೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವುದು, ಮಧ್ಯಾಹ್ನ ಅಭ್ಯಾಸ. ಚಳಿಗಾಲದಲ್ಲಿ ಮೈದಾನದ ಮೇಲೆ ಸೊಂಟದೆತ್ತರ ಹಿಮ ಬೀಳುತ್ತಿದ್ದುದರಿಂದ ಗೋದಾಮಿನಲ್ಲಿ, ಹಾಸಿಗೆಗಳ ರಾಶಿಗಳ ನಡುವಿನ ಓಣಿಯಲ್ಲಿ ಓಡುತ್ತಿದ್ದೆವು. ನಿಲ್ಲಲಾಗದಿದ್ದರೆ ಕೊನೆಯ ರಾಶಿಗೆ ಹೋಗಿ ಡಿಕ್ಕಿ ಹೊಡೆಯಬಹುದಿತ್ತು. ದೇಶದ ಇನ್ನಾವ ತಂಡಕ್ಕೂ ಆ ಸೌಲಭ್ಯ ಇರಲಿಲ್ಲ.

ನಮ್ಮ ತರಬೇತುದಾರ ಗೊಂದಾ ಅವರು ಮದುವೆ ಊಟಕ್ಕೂ ಕೊರಳಲ್ಲಿ ಓಟದ ಗಡಿಯಾರ ಹಾಕಿಕೊಂಡು ಹೋಗುವವರು. ಮೂರನೆಯ ವರ್ಷ ತೊಮೊಯೆ ನೂರು ಮೀಟರನ್ನು ಹನ್ನೊಂದು ಪಾಯಿಂಟ್ ನಾಲ್ಕು ಎರಡು ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ಕೂಟ ಗೆದ್ದಾಗ ಅವರು ಆ ಗಡಿಯಾರವನ್ನು ಎರಡು ದಿನ ಸೊನ್ನೆಗೆ ತರಲಿಲ್ಲ.

ಅಂದಿನಿಂದ ಪತ್ರಕರ್ತರು ಬರತೊಡಗಿದರು. ಹೆಜ್ಜೆಯ ಅಳತೆಯ ಬಗ್ಗೆಯಾಗಲಿ ಓಟದ ಆರಂಭದ ಬಗ್ಗೆಯಾಗಲಿ ಒಬ್ಬರೂ ಕೇಳಲಿಲ್ಲ. ಅಡುಗೆ ಬರುತ್ತದೆಯೇ, ಎಂಥ ಗಂಡು ಬೇಕು ಎಂದು ಕೇಳಿದರು. ಮಾತು ಕಡಿಮೆ ಇರುವವನು ಸಾಕು ಎಂದಳು ತೊಮೊಯೆ. ಮೌನಿ ವರನಿಗಾಗಿ ಕಾಯುತ್ತಿರುವ ಮಿಂಚಿನ ಚೆಲುವೆ ಎಂದು ಮಾರನೆಯ ದಿನ ಅಚ್ಚಾಯಿತು. ವಾರದೊಳಗೆ ಕಚೇರಿಗೆ ನಲವತ್ತು ಪತ್ರಗಳು ಬಂದವು. ಪ್ರತಿಯೊಬ್ಬನೂ ತಾನೆಷ್ಟು ಮೌನಿ ಎಂಬುದನ್ನು ನಾಲ್ಕೈದು ಪುಟ ಬರೆದಿದ್ದ.

ಆ ಹೊತ್ತಿಗೆ ನಾನೂ ದೇಶದ ರಿಲೇ ತಂಡದಲ್ಲಿದ್ದೆ. ಮೂರನೆಯವಳಾಗಿ ತಿರುವಿನಲ್ಲಿ ಓಡಿ ಕೊನೆಯವಳಾದ ತೊಮೊಯೆಗೆ ಬ್ಯಾಟನ್ ಕೊಡುವುದು ನನ್ನ ಕೆಲಸ. ಅವಳು ಹಿಂದಿರುಗಿ ನೋಡುವಂತಿಲ್ಲ. ನಾನು ‘ಹಾಂ’ ಎಂದು ಕೂಗಿದ ಕ್ಷಣ ಕೈ ಹಿಂದೆ ಚಾಚಬೇಕು. ಏಷ್ಯಾ ಮಟ್ಟದ ಕೂಟದ ಫೈನಲ್‌ನಲ್ಲಿ ನಾವು ಎರಡನೆಯ ಸ್ಥಾನದಲ್ಲಿದ್ದೆವು. ನನ್ನ ಉಸಿರು ಕಟ್ಟಿ ಕೂಗು ಒಂದು ಹೆಜ್ಜೆ ತಡವಾಗಿ ಹೊರಟಿತು. ಬ್ಯಾಟನ್ ಅವಳ ಬೆರಳ ತುದಿಗೆ ತಾಗಿ ನೆಲಕ್ಕೆ ಬಿದ್ದು, ಪಕ್ಕದ ಓಟಗಾರ್ತಿಯ ಸಾಲಿಗೆ ಉರುಳಿತು.

ಊರಿಗೆ ಮರಳುವಷ್ಟರಲ್ಲಿ ಕಂಪನಿಯಲ್ಲಿ ಕ್ಷಮೆ ಕೇಳುವ ಸಿದ್ಧತೆ ನಡೆದಿತ್ತು. ಟಿವಿಯವರನ್ನು ಕರೆಸಿ, ಅಧ್ಯಕ್ಷರು, ಗೊಂದಾ ಮತ್ತು ತೊಮೊಯೆ ಸಾಲಾಗಿ ನಿಂತು ದೇಶಕ್ಕೆ ತಲೆಬಾಗುವುದೆಂದು ತೀರ್ಮಾನವಾಗಿತ್ತು. ತಪ್ಪು ನನ್ನದು, ನಾನು ನಿಲ್ಲುತ್ತೇನೆ ಎಂದು ಹೇಳಲು ಹೋದೆ. ಪ್ರಚಾರ ವಿಭಾಗದವರು ತುಂಬ ಮರ್ಯಾದೆಯಿಂದಲೇ ನನ್ನನ್ನು ವಾಪಸು ಕಳಿಸಿದರು: ನನ್ನ ಗುರುತು ಯಾರಿಗೂ ಇಲ್ಲ, ನಾನು ಬಾಗಿದರೆ ಟಿವಿಯವರು ತೋರಿಸುವುದಿಲ್ಲವಂತೆ.

ಸಭಾಂಗಣದಲ್ಲಿ ಬೆಳಗಿನಿಂದ ತಾಲೀಮು ನಡೆಯಿತು. ಐದು ಸೆಕೆಂಡು ಬಾಗಿದರೆ ಉಡಾಫೆ, ಹತ್ತು ಸೆಕೆಂಡು ಬಾಗಿದರೆ ಯಾರೋ ಸತ್ತಂತೆ ಕಾಣುತ್ತದೆ, ಎಂಟು ಸರಿ ಎಂದರು ಅಧ್ಯಕ್ಷರು. ಗೊಂದಾ ಬಾಗಿದ್ದುಕೊಂಡೇ ಗಡಿಯಾರ ಒತ್ತಿದರು.

“ನಿವಾ, ಏಳು ಸೆಕೆಂಡಿಗೇ ಎದ್ಬಿಟ್ಟೆ,” ಎಂದರು ಅಭ್ಯಾಸದಂತೆ. “ನಿಂದು ಯಾವಾಗ್ಲೂ ಒಂದು ಸೆಕೆಂಡು ಮೊದಲೇ.”

ಊಟದ ಬಿಡುವಿನಲ್ಲಿ ತೊಮೊಯೆ ಅನ್ನದುಂಡೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತಳು. ಮೂರು ದಿನದಿಂದ ನಾವು ಮಾತಾಡಿರಲಿಲ್ಲ.

“ಸಾನಾಯೆ ಅಕ್ಕ, ನೀನು ಕೂಗಿದ್ದು ತಡ ಆಯ್ತಾ?”

“ಆಯ್ತು ಕಣೆ.”

“ನಾನೂ ಅರ್ಧ ಹೆಜ್ಜೆ ಮೊದಲೇ ಹೊರಟೆ. ಚಿನ್ನದ ಆಸೆ.” ಸ್ವಲ್ಪ ಅಗಿದು, “ಸರಿ, ಇಬ್ರದೂ ತಪ್ಪಿದೆ. ತಿನ್ನು,” ಎಂದು ತನ್ನ ಡಬ್ಬಿಯಲ್ಲಿದ್ದ ಇನ್ನೊಂದು ಉಂಡೆಯನ್ನು ನನ್ನ ಕಡೆ ತಳ್ಳಿದಳು. ನಾನು ಅಳುತ್ತ ತಿಂದೆ. ಒಳಗಿದ್ದ, ಉಪ್ಪಿನಲ್ಲಿ ನೆನೆಸಿದ ಹುಳಿ ಹಣ್ಣು ಅವಳಿಗಿಷ್ಟ, ನನಗಲ್ಲ, ಆದರೂ ತಿಂದೆ.

ಮಧ್ಯಾಹ್ನ ಕ್ಯಾಮೆರಾಗಳ ಮುಂದೆ ಅವಳ ಕೈಯಲ್ಲಿ ಕಂಪನಿ ಬರೆದುಕೊಟ್ಟ ಚೀಟಿಯಿತ್ತು. ನನ್ನ ಅಯೋಗ್ಯತೆಯಿಂದ ದೇಶದ ಜನರಿಗೆ ನೋವಾಗಿದೆ ಎಂದು ಅದರ ಮೊದಲ ಸಾಲು. ಅವಳು ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

“ಅಕ್ಕ ಕೂಗಿದ್ದು ತಡ, ನಾನು ಹೊರಟಿದ್ದು ಬೇಗ. ಬ್ಯಾಟನ್ ಬಿತ್ತು. ಮುಂದಿನ ಸಲ ಬೀಳದ ಹಾಗೆ ಅಭ್ಯಾಸ ಮಾಡ್ತೀವಿ. ದೇಶದ ಹತ್ರ ಯಾಕೆ ಕ್ಷಮೆ ಕೇಳ್ಬೇಕು ಅಂತ ನಂಗೆ ಅರ್ಥ ಆಗ್ಲಿಲ್ಲ. ಓಡಿದ್ದು ನಾವು ನಾಲ್ಕು ಜನ.”

ಅವಳು ಮಾತು ಮುಗಿಸಿದೊಡನೆ ಬಾಗಬೇಕೆಂಬುದು ಒಪ್ಪಂದ. ಅಧ್ಯಕ್ಷರು ಮಾತು ಮುಗಿದದ್ದನ್ನು ಮಾತ್ರ ಕೇಳಿಸಿಕೊಂಡಿದ್ದರು, ಬಾಗಿದರು. ಗೊಂದಾ ಗಡಿಯಾರ ಒತ್ತುವುದನ್ನು ಮರೆತು ನಿಂತುಬಿಟ್ಟಿದ್ದರಿಂದ ಯಾವಾಗ ಏಳಬೇಕೆಂದು ಅಧ್ಯಕ್ಷರಿಗೆ ತಿಳಿಯಲಿಲ್ಲ. ಹೆಚ್ಚು ಕಡಿಮೆ ಒಂದು ನಿಮಿಷ ಬಾಗಿಯೇ ಇದ್ದರು. ಅಷ್ಟು ಹೊತ್ತು ಬಾಗಿದ ಅಧ್ಯಕ್ಷರನ್ನು ಟಿವಿ ಹಿಂದೆಂದೂ ತೋರಿಸಿರಲಿಲ್ಲ.

ಎರಡು ದಿನ ಬೈಗುಳದ ಫೋನುಗಳು ಬಂದವು. ಮೂರನೆಯ ದಿನ ಬೆಳಗಿನ ಕಾರ್ಯಕ್ರಮದ ನಿರೂಪಕಿಯೊಬ್ಬಳು ಈ ಹುಡುಗಿಯ ಮಾತು ಕೇಳಿ ಮನಸ್ಸು ಹಗುರಾಯಿತು ಎಂದಳು. ನಾಲ್ಕನೆಯ ದಿನದಿಂದ ಬೈದವರೇ ಹೊಗಳಿದರು. ಬೇಸಿಗೆ ಬರುವಷ್ಟರಲ್ಲಿ ಅಧ್ಯಕ್ಷರು ‘ಪ್ರಾಮಾಣಿಕ ದಿಂಬು’ ಎಂಬ ಹೊಸ ಸರಕು ಬಿಟ್ಟರು. ಅದು ಹಳೆಯ ದಿಂಬೇ. ಸೋಮವಾರದ ಭಾಷಣದಲ್ಲಿ, ನೇರವಾಗಿ ಮಾತಾಡುವಂತೆ ನಿವಾಗೆ ಧೈರ್ಯ ತುಂಬಿದ್ದು ತಾವೇ ಎಂದರು. ತೊಮೊಯೆ ಮುಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಂಡಳು.

ಇತ್ತ ಕ್ರೀಡಾ ಸಂಘದವರು ಹದಿನಾಲ್ಕು ಹಿರಿಯರ ಬ್ಯಾಟನ್ ಸಮಿತಿಯೊಂದನ್ನು ಮಾಡಿದ್ದರು. ಬ್ಯಾಟನ್ ಕೈಯಿಂದ ಜಾರಿದ್ದೇ ಅದು ಬೀಳಲು ಮುಖ್ಯ ಕಾರಣ ಎಂದು ಅವರು ಅರವತ್ತು ಪುಟಗಳಲ್ಲಿ ಸಾಬೀತು ಮಾಡಿದರು. ನಾವಿಬ್ಬರೂ ಗೋದಾಮಿನ ಓಣಿಯಲ್ಲಿ ಆ ವರ್ಷದ ಚಳಿಗಾಲವಿಡೀ ಎರಡು ಸಾವಿರ ಸಲ ಬ್ಯಾಟನ್ ಬದಲಿಸಿದೆವು. ನನ್ನ ಗಂಟಲು ಕಟ್ಟಿಹೋಯಿತು. ಮುಂದಿನ ವರ್ಷ ನಮ್ಮ ನಾಲ್ವರ ತಂಡ ರಾಷ್ಟ್ರೀಯ ದಾಖಲೆ ಮುರಿದಾಗ ಸಮಿತಿಯ ಹದಿನಾಲ್ಕೂ ಜನ ನಮ್ಮ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಹಿಂದೆ ನಿಂತಿದ್ದ ನಮ್ಮಲ್ಲಿ ತೊಮೊಯೆಯ ಹಣೆಯಷ್ಟೇ ಕಾಣುತ್ತದೆ.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವಳ ತೊಡೆಯ ಹಿಂದಿನ ಸ್ನಾಯು ಹರಿಯಿತು. ಅದೇ ವರ್ಷ ಅಧ್ಯಕ್ಷರ ಮಗ ಅಧ್ಯಕ್ಷರಾದರು. ಓಟ ಅವಸರದ ಆಟ, ಗಾಲ್ಫ್ ನಿಧಾನದ್ದು, ನಿದ್ದೆಗೆ ಹತ್ತಿರ ಎಂದು ಲೆಕ್ಕ ಹಾಕಿ ಅವರು ಗಾಲ್ಫ್ ಆಟಗಾರನೊಬ್ಬನನ್ನು ತಂದರು. ತಂಡವನ್ನು ಮುಚ್ಚಿದ ದಿನದ ಸಮಾರಂಭಕ್ಕೆ ‘ಹೊಸ ಪಯಣ’ ಎಂದು ಹೆಸರಿತ್ತು. ನಮಗೆಲ್ಲ ಒಂದೊಂದು ಹೂಗುಚ್ಛ, ಒಂದೊಂದು ದಿಂಬು. ನಾನು ಮದುವೆಯಾದೆ. ಗೊಂದಾ ಗೋದಾಮಿನ ಮೇಲ್ವಿಚಾರಕರಾದರು. ತೊಮೊಯೆಯನ್ನು ದೂರು ವಿಭಾಗಕ್ಕೆ ಹಾಕಿದರು. ನಿದ್ದೆ ಬರುತ್ತಿಲ್ಲ ಎಂದು ಫೋನು ಮಾಡುವ ಮುದುಕಿಯರ ಮಾತನ್ನು ಅವಳು ಗಂಟೆಗಟ್ಟಲೆ ಕೇಳುತ್ತಿದ್ದಳು. ಅವರಲ್ಲಿ ಹೆಚ್ಚಿನವರು ನಮ್ಮ ಹಾಸಿಗೆ ಕೊಂಡವರೇ ಅಲ್ಲ.

ಕೆಲಸ ಮುಗಿಸಿ ಅವಳು ಪ್ರೌಢಶಾಲೆಯ ಮೈದಾನದಲ್ಲಿ ಒಬ್ಬಳೇ ಓಡುತ್ತಿದ್ದಳು. ಮೂರು ವರ್ಷ ಹಾಗೆ ಓಡಿ, ಮೂವತ್ತೊಂದರಲ್ಲಿ ಸ್ವಂತವಾಗಿ ರಾಷ್ಟ್ರೀಯ ಕೂಟಕ್ಕೆ ಹೆಸರು ಕೊಟ್ಟಳು. ಎದೆಯ ಮೇಲೆ ಯಾವ ಕಂಪನಿಯ ಗುರುತೂ ಇಲ್ಲದ ಬಿಳಿ ಅಂಗಿ. ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಓಡಿ ಫೈನಲ್ ತಲುಪಿ ಆರನೆಯವಳಾದಳು. ಇನ್ನು ನಿವೃತ್ತಿಯೇ ಎಂದು ಕೇಳಿದ ಟಿವಿಯವನು ಕಣ್ಣೀರಿಗಾಗಿ ಮೈಕನ್ನು ಹತ್ತಿರ ಹಿಡಿದಿದ್ದ. “ಕಾಲು ಹಿಡ್ಕೊಂಡಿದೆ, ಸ್ವಲ್ಪ ಜಾಗ ಬಿಡಿ,” ಎಂದು ಹೇಳಿ ಅವಳು ಅವನ ಪಕ್ಕದಿಂದ ದಾಟಿಹೋದಳು.

ಮರುವರ್ಷ ಕಂಪನಿ ಬಿಟ್ಟು, ನಗರಸಭೆಯ ಕ್ರೀಡಾಂಗಣದಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ಓಟದ ಸಾಲುಗಳ ಬಿಳಿ ಗೆರೆಗಳನ್ನು ತಾನೇ ಮೊಣಕಾಲೂರಿ ಎಳೆಯುತ್ತಾಳೆ. ಹೋದ ವಸಂತದಲ್ಲಿ ಮಕ್ಕಳ ಕೂಟ ಉದ್ಘಾಟಿಸಲು ಬಂದ ಮೇಯರರು ಒಣಗದ ಗೆರೆಯ ಮೇಲೆ ಚರ್ಮದ ಬೂಟು ಇಡಲು ಹೋದಾಗ, ಅವಳು ಕುಂಚ ಅಡ್ಡ ಹಿಡಿದು ಹೊರಗಿನ ದಾರಿ ತೋರಿಸಿದಳು. ಅವರು ನಾನೂರು ಮೀಟರ್ ಸುತ್ತಿ ವೇದಿಕೆಗೆ ಬಂದರು. ಏದುಸಿರಿನಿಂದಾಗಿ ಭಾಷಣ ಎರಡೇ ನಿಮಿಷದಲ್ಲಿ ಮುಗಿಯಿತು, ಮಕ್ಕಳು ಹೊತ್ತಿಗೆ ಸರಿಯಾಗಿ ಓಡಿದರು.