ಏಳು ಗಂಟಿನ ನಾಟಕ

ಪಾದ್ರಿಯ ಪ್ರಾರ್ಥನೆ ಮುಗಿಯುವ ಮೊದಲೇ ಡೈರೆಕ್ಟರ್ ಕ್ರೊಗುಲ್ಸ್ಕಿ ಜನರನ್ನು ತಳ್ಳಿಕೊಂಡು ಬಂದು ಶವಪೆಟ್ಟಿಗೆಯ ಪಕ್ಕ ನಿಂತ. ವಾರ್ಸಾದಿಂದ ಬಂದ ಟಿವಿ ಕ್ಯಾಮೆರಾ ಆ ಕಡೆಗಿತ್ತು.

"ಜೆನೊಬಿಯಾ ನಮ್ಮ ರಂಗಭೂಮಿಯ ಬೆಳಕು!"

ಬೆಳಕಂತೆ! ನಲವತ್ತು ವರ್ಷ ಆಕೆಗೆ ಸಿಕ್ಕಿದ್ದು ಸೂಪಿನ ತಟ್ಟೆ ಹೊತ್ತು ತರುವ ಕೆಲಸದವಳ ಪಾತ್ರ. ಮೂರು ಸಿನಿಮಾ ಮಾಡಿದಳು. ಮೂರರಲ್ಲೂ ಬಾಗಿಲು ತೆರೆದು "ಯಜಮಾನರು ಮನೇಲಿಲ್ಲ" ಅಂದಳು, ಅಷ್ಟೇ.

"ಬದುಕಿದ್ದಾಗ ಇವಳ ಹೆಸರೇ ನೆನಪಿರ್ತಿರಲಿಲ್ಲ ಈ ಮಹಾನುಭಾವನಿಗೆ," ಎಂದು ಗೊಣಗಿದಳು ಲುತ್ಸಿನಾ. ನಟರು ಮಾತು ಮರೆತಾಗ ಮರೆಯಿಂದ ಹೇಳಿಕೊಡುವ ಪ್ರಾಂಪ್ಟರ್ ಆಕೆ.

"ಸುಮ್ನಿರೇ, ಪಾತ್ರ ಹಂಚೋನು ಅವನೇ," ಎಂದ ಮುದಿ ನಟ ಯೂಲ್ಯಾನ್, ಅಳುಮುಖ ಸರಿಪಡಿಸಿಕೊಳ್ಳುತ್ತಾ.

"ಆಕೆಯ ನಾಟಕ ಓದಿ ಮೂರು ಸಲ ಅತ್ತಿದ್ದೀನಿ," ಎಂದ ಕ್ರೊಗುಲ್ಸ್ಕಿ. "ನಾನೇ ತಿದ್ದಿ ಈ ವರ್ಷ ಆಡಿಸ್ತೀನಿ!"

ಕೋಟಿನೊಳಗೆ ಕೈಹಾಕಿದ.

*

ಹತ್ತು ದಿನದ ಹಿಂದೆ, ಆಸ್ಪತ್ರೆಯಲ್ಲಿ, ಜೆನೊಬಿಯಾ ಲುತ್ಸಿನಾಳನ್ನು ಕೇಳಿದ್ದು ಒಂದೇ.

"ನನ್ನ ನಾಟಕ ಅವನ ಹತ್ರ ಬಿಡಬೇಡ ಕಣೇ. ಕೈಬರಹ, ಇರೋದೊಂದೇ ಪ್ರತಿ."

"ಓದಿರಬಹುದು ಬಿಡೇ."

"ಓದ್ತಾನೆ, ಅವನ ತಲೆ! ನೀಲಿ ಉಣ್ಣೆದಾರದಲ್ಲಿ ಏಳು ಗಂಟು ಹಾಕಿ ಕೊಟ್ಟಿದ್ದೆ. ಆರು ವರ್ಷದಿಂದ ಅವನ ಮೇಜಿನ ಕುಂಟು ಕಾಲಿನ ಅಡೀಲಿದೆ. ಹೋದಾಗೆಲ್ಲ ಇಣುಕಿ ನೋಡ್ತಿದ್ದೆ. ಒಂದು ಗಂಟೂ ಬಿಚ್ಚಿಲ್ಲ."

ನಕ್ಕಳು, ಕೆಮ್ಮಿದಳು. ತಂದೇ ತರ್ತೀನಿ ಎಂದು ಲುತ್ಸಿನಾ ಮಾತು ಕೊಟ್ಟಳು.

*

ಕೋಟಿನಿಂದ ತೆಗೆದು ಕ್ಯಾಮೆರಾಗೆ ತೋರಿಸುವ ಭರದಲ್ಲಿ ನಾಟಕದ ಕಟ್ಟು ಕ್ರೊಗುಲ್ಸ್ಕಿಯ ಕೈಜಾರಿ ಕೆಸರಿಗೆ ಬಿತ್ತು. ಮೇಲೆ ಮೇಜುಗಾಲಿನ ದುಂಡನೆಯ ಗುರುತು. ನೀಲಿ ದಾರದ ಏಳೂ ಗಂಟು ಹಾಗೇ ಇದ್ದವು.

ನಾಟಕದ ಪ್ರತಿ ನೆಲಕ್ಕೆ ಬಿದ್ದರೆ ಮೊದಲು ಮೆಟ್ಟಬೇಕು, ಆಮೇಲೆ ಎತ್ತಬೇಕು. ಇಲ್ಲದಿದ್ದರೆ ಆಟ ನೆಲಕಚ್ಚುತ್ತದೆ ಎಂದು ನಮ್ಮ ರಂಗದವರ ನಂಬಿಕೆ. ಅಲ್ಲಿದ್ದ ನಟರೆಲ್ಲರ ಕಾಲೂ ಒಟ್ಟಿಗೇ ಎದ್ದವು. ಮೊದಲು ಊರಿದ್ದು ಲುತ್ಸಿನಾಳ ಕಾಲು. ಊರಿದ್ದನ್ನು ಅವಳು ತೆಗೆಯಲಿಲ್ಲ.

"ಮೆಟ್ಟಿದ್ದಾಯ್ತಲ್ಲ, ತೆಗೀರಿ ಕಾಲು!" ಕ್ರೊಗುಲ್ಸ್ಕಿ ಬಗ್ಗಿ ಎಳೆದ.

"ಗಂಟು ಬಿಚ್ಚದೇನೇ ಮೂರು ಸಲ ಅತ್ರಾ, ಡೈರೆಕ್ಟರ್ರೇ?"

ಯೂಲ್ಯಾನ್ ಕಿಸಕ್ಕನೆ ನಕ್ಕು, ಗೋರಿಗೆಂದು ತಂದಿದ್ದ ಸೇವಂತಿಗೆಯನ್ನು ಬಾಯಿಗೆ ಅಡ್ಡ ಹಿಡಿದ.

ಅಷ್ಟರಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ತೀರಿಕೊಂಡ ನಟರನ್ನು ಕಳುಹಿಸಿಕೊಡುವುದು ಚಪ್ಪಾಳೆಯಿಂದಲೇ; ಎಲ್ಲರೂ ತಟ್ಟಿದರು. ಚಪ್ಪಾಳೆ ಕೇಳಿದ್ದೇ ತಡ, ಕ್ರೊಗುಲ್ಸ್ಕಿ ಕಟ್ಟು ಬಿಟ್ಟು ನೆಟ್ಟಗಾದ. ಕ್ಯಾಮೆರಾದತ್ತ ತಿರುಗಿ, ಎದೆಯ ಮೇಲೆ ಕೆಸರುಗೈ ಇಟ್ಟು, ನಡು ಬಗ್ಗಿಸಿ ವಂದಿಸಿದ.

ಅವನು ತಲೆಯೆತ್ತುವಷ್ಟರಲ್ಲಿ ಲುತ್ಸಿನಾ ಸ್ಮಶಾನದ ಗೇಟು ದಾಟಿದ್ದಳು. ಕೈಚೀಲದ ಬಾಯಿಂದ ನೀಲಿ ದಾರದ ತುದಿ ಹೊರಗೆ ತೂಗುತ್ತಿತ್ತು.