ಅತ್ತೆಯ ಕೈಗೆ ಸಿಕ್ಕ ಮೂಗು

ಇದು ನಡೆದ ಕತೆ, ಒಗ್ಗರಣೆ ಹಾಕಿಲ್ಲ. ನಂಬದವರು ಬಂದು ನನ್ನ ಮೂಗು ನೋಡಿಕೊಂಡು ಹೋಗಬಹುದು.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬಟ್ಟೆ ಹೊಲಿಯುವವಳು. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ನಾಲಿಗೆ ಮೊದಲಿಗಿಂತ ಹರಿತವಾಗಿತ್ತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಕತ್ತರಿಗೆ ಬೆರಳು ತೂರಿಸಿದರೆ ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿರಲಿಲ್ಲ.

"ಕತ್ತರಿ ಆಡಿಸೋಕೆ ಬರದೇ ಇದ್ರೆ ನಾನ್ಯಾಕೋ ಬೇಕು?" ಎಂದಳು. ಒಂದೇ ಸಲ ಹೇಳಿದ್ದು, ಆದರೆ ತಮಾಷೆಗೆ ಹೇಳಿದ್ದಲ್ಲ.

ಮನೆಗೆ ಕಳಿಸುವಾಗ ವಾರ್ಡಿನ ಡಾಕ್ಟರು "ಕೈ ಮತ್ತೆ ಪಳಗಿಸೋಕೆ ರಿಹ್ಯಾಬ್ ಡಾಕ್ಟರಿಗೆ ತೋರಿಸಿ" ಎಂದು ಗೊಣಗಿ ಪಕ್ಕದ ಹಾಸಿಗೆಗೆ ಹೋಗಿಬಿಟ್ಟಿದ್ದರು. ಯಾರು, ಎಲ್ಲಿ, ದೇವರೇ ಬಲ್ಲ. ನಾನು ಫೋನಿನಲ್ಲಿ "ಹತ್ತಿರದ ರಿಹ್ಯಾಬ್" ಎಂದು ಹುಡುಕಿದೆ.

ಮೊದಲು ಸಿಕ್ಕಿದ್ದು ಕುಡಿತ ಬಿಡಿಸುವ ಕೇಂದ್ರ. ಬಾಗಿಲಲ್ಲಿದ್ದವನು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ವರ್ಷದಿಂದ ಅಮ್ಮಾ?" ಎಂದ.

"ನಿಮ್ಮಪ್ಪ ಹುಟ್ಟೋಕ್ ಮುಂಚಿಂದ!"

ಎರಡನೆಯದು ಟಯರ್ ಅಂಗಡಿಯ ಮೇಲಿನ ಮಹಡಿ. ರೆಕ್ಸಿನ್ ಹಾಸಿಗೆ ಯಾರ್ಯಾರದೋ ಬೆನ್ನಿನ ಎಣ್ಣೆಯಿಂದ ಅಂಟಂಟು; ದಿಂಬಿನ ಮೇಲೆ ಉದ್ದನೆಯ ಕೂದಲು; ಮೂಲೆಯಲ್ಲಿ ಮುಗ್ಗಲು ಹಿಡಿದ ಒದ್ದೆ ಟವಲುಗಳ ಗುಡ್ಡೆ. ಎದೆಯ ಮೇಲೆ 'ಸ್ಪೆಷಲಿಸ್ಟ್' ಎಂದು ಕಸೂತಿ ಹಾಕಿಸಿಕೊಂಡಿದ್ದ ಮಹಾಶಯ ಕ್ಯಾಕರಿಸಿ ಕೈತೊಳೆಯುವ ಬೇಸಿನ್ನಿಗೇ ಉಗುಳಿ, ಬಾಯಿ ಒರೆಸಿದ ಕೈಯಿಂದಲೇ ಅತ್ತೆಯ ಬೆರಳು ಹಿಡಿದು ಜಗ್ಗಿದ.

"ನರ ಅಂದ್ರೆ ಹಗ್ಗ ಮೇಡಮ್ಮೋರೇ... ಹ್ರೂಂ... ಎಳೆದ್ರೆ ಸಡಿಲ ಆಗುತ್ತೆ."

ಅತ್ತೆಯ ಕಿರುಚಾಟಕ್ಕೆ ಕೆಳಗೆ ಟಯರ್ ಉರುಳಿಸುತ್ತಿದ್ದವರೂ ನಿಂತು ನೋಡಿದರು. ಮನೆಗೆ ಬಂದವಳೇ ಕೈ ತೊಳೆದಳು, ಮತ್ತೆ ತೊಳೆದಳು, ಮೂಸಿ ನೋಡಿ ಮತ್ತೂ ತೊಳೆದಳು. "ಥೂ! ಇನ್ನು ಯಾರ ಮುಂದೇನೂ ಈ ಕೈ ಚಾಚಲ್ಲ."

ಅವಳನ್ನು ನಗಿಸೋಣವೆಂದು ಅಡುಗೆಮನೆಯಲ್ಲಿ ಅಡಗಿ, ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಮಾಡಿದೆ. "ಹ್ರೂಂ... ಮೇಡಮ್ಮೋರೇ, ಇನ್ನೊಂದು ಕೈನೂ ತಗೊಂಡ್ಬನ್ನಿ, ಜೋಡೀಲಿ ಎಳೀತೀನಿ."

"ಬೇಡ ಸಾರ್, ಎಲ್ಲಾ ವಾಸಿಯಾಗಿದೆ ಸಾರ್," ಎಂದು ಅತ್ತೆ ನಡುಗಿದಳು. ನಾನು ನಗು ತಡೆಯಲಾಗದೆ ಹೊರಗೆ ಬಂದೆ. ಎಡಗೈಯಿಂದ ಬಂದ ದಾರದುಂಡೆ ಗುರಿ ತಪ್ಪಲಿಲ್ಲ. "ಲೋ ಮಂಗ, ಇನ್ನೊಂದ್ಸಲ ನಾನು ಮೋಸ ಹೋದ್ರೆ ಕೇಳು!"

ಮರುದಿನ ಸಿಟ್ಟಿನಿಂದ ಆಸ್ಪತ್ರೆಗೇ ಫೋನ್ ಮಾಡಿದೆ. ನರ್ಸು, "ಅಯ್ಯೋ, ರಿಹ್ಯಾಬ್ ಡಾಕ್ಟರು ಇಲ್ಲೇ ಇದಾರಲ್ಲ! ನೆಲಮಾಳಿಗೇಲಿ, ಲಾಂಡ್ರಿ ಪಕ್ಕ. ನೀವು ಕೇಳ್ಲೇ ಇಲ್ಲ," ಎಂದಳು. ಅತ್ತೆ ಮಲಗಿದ್ದ ವಾರ್ಡಿನ ಕೆಳಗೇ! ಆ ಟವಲುಗಳ ನಾತಕ್ಕಿಂತ ಹೆಚ್ಚು ವಾಕರಿಕೆ ತಂದದ್ದು ಈ ಮಾತು. ಡಾಕ್ಟರು ಕರೆ ಮಾಡಲೆಂದು ಅತ್ತೆಯ ನಂಬರು ಕೊಟ್ಟು, ಅವಳಿಗೆ ಹೇಳದೆಯೇ ಹಾಲು ತರಲು ಹೋದೆ.

ಬರುವಷ್ಟರಲ್ಲಿ ಅತ್ತೆ ಫೋನಿನಲ್ಲಿ ಕಿಡಿ ಕಾರುತ್ತಿದ್ದಳು. "ಕೆಮ್ಮೋದ್ ನಿಲ್ಸೋ ಕತ್ತೆ! ರಿಹ್ಯಾಬ್ ಡಾಕ್ಟರಂತೆ! ಬೆರಳು ಮಡಚುತ್ತಾ ಅಂತ ಕೇಳ್ತೀಯಾ? ಬಾರೋ, ನಿನ್ನ ಮೂಗು ಹಿಂಡಿ ತೋರಿಸ್ತೀನಿ!"

ತಿರುಗಿದರೆ ಬಾಗಿಲಲ್ಲಿ ನಾನು, ಹಾಲಿನ ಪ್ಯಾಕೆಟ್ ಹಿಡಿದು. ಅತ್ತೆಯ ಮುಖ ಸುಣ್ಣ ಬಳಿದಂತಾಯಿತು. ಫೋನಿನಿಂದ ನೆಗಡಿಯ ದನಿ: "ಆಗಲಿ ಅಮ್ಮಾ. ನಾಳೆ ಬೆಳಿಗ್ಗೆ ಬಂದು ಹಿಂಡಿ."

ನೆಲಮಾಳಿಗೆಯ ಕೋಣೆಯಲ್ಲಿ ಒಗೆದ ಬಟ್ಟೆಯ ವಾಸನೆ. ಡಾಕ್ಟರು ಮೊದಲು ಕೈ ತೊಳೆದರು. ಅತ್ತೆ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಭುಜ, ಮೊಣಕೈ, ಮಣಿಕಟ್ಟುಗಳನ್ನು ನಿಧಾನವಾಗಿ ಆಡಿಸಿ ಅವರೆಂದರು, "ಮುಚ್ಚೋಕೆ ಬರುತ್ತೆ. ಕತ್ತರಿಗೆ ತೆರೆಯೋದೂ ಬೇಕಲ್ಲ? ಸರಿ, ಮೂಗು ಹಿಂಡ್ತೀನಿ ಅಂದಿದ್ರಿ."

"ತಪ್ಪಾಯ್ತು ಸಾರ್. ಈ ಮಂಗ ಅಂದ್ಕೊಂಡು ಬೈದೆ."

"ಹಾಗಾದ್ರೆ ಅವರದ್ದೇ ಹಿಂಡಿ."

ಎಡಗೈಯಿಂದ ಬಲಗೈ ಎತ್ತಿ ಅತ್ತೆ ನನ್ನ ಮೂಗು ಹಿಡಿದಳು. ಇಕ್ಕಳ! ಕಣ್ಣಲ್ಲಿ ನೀರು, ಮೂಗಲ್ಲೂ ನೀರು.

"ಬಿಡತ್ತೇ!"

"ಬಿಡೋಕೆ ಬರ್ತಿಲ್ಲ ಕಣೋ!"

"ಎಳೀಬೇಡಿ," ಎಂದರು ಡಾಕ್ಟರು. "ಹೆಬ್ಬೆರಳನ್ನೇ ನೋಡಿ. ಬಿಡು ಅಂತ ಅದಕ್ಕೆ ಹೇಳಿ."

ಅತ್ತೆ ನೋಡಿದಳು. ಹಣೆ ಬೆವರಿತು. ಹೆಬ್ಬೆರಳು ಅದುರಿತು, ನಿಂತಿತು, ಮತ್ತೆ ಅದುರಿತು. ಒಂದು ಎಳೆಯಷ್ಟು ಸರಿಯಿತು. ನನ್ನ ಮೂಗು ಜಾರಿಕೊಂಡು ಹೊರಬಂತು.

"ಮೊದಲಿನ ಹಾಗೇ ಆಗುತ್ತೆ ಅಂತ ಮಾತು ಕೊಡಲ್ಲ," ಎಂದರು ಡಾಕ್ಟರು. "ಆದ್ರೆ ಈಗ ಬಿಟ್ಟಿದ್ದು ನಿಮ್ಮ ಬೆರಳೇ. ಇಲ್ಲಿಂದ ಶುರು ಮಾಡೋಣ."

ಅತ್ತೆ ತನ್ನ ಬೆರಳುಗಳನ್ನು ನೋಡಿದಳು. ಲೋಳೆ ಲೋಳೆ. "ಥೂ, ಅಸಹ್ಯ!" ಎಂದು ನನ್ನ ಅಂಗಿಗೇ ಒರೆಸಿದಳು. ಡಾಕ್ಟರು ಕೆಮ್ಮುತ್ತಾ ನಕ್ಕರು, ನಾನು ಮೂಗು ಹಿಡಿದುಕೊಂಡು ನಕ್ಕೆ. ಅತ್ತೆ ನಕ್ಕದ್ದು ಮೇಲಿನ ವಾರ್ಡಿಗೂ ಕೇಳಿಸಿರಬೇಕು.